ಕಣ್ಣಂಚಿನ ಸಸಿಮಡಿ

ತಾಂಬೂಲದ ತಟ್ಟೆಯಲ್ಲಿ ಎಲೆಯಡಕೆಗಳ ಪಕ್ಕದಲ್ಲಿ ಸುಣ್ಣದ ಡಬ್ಬಿ ಇರುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಈಚೆಗೆ ಡಬ್ಬಿಯ ಜೊತೆಗೆ ಪ್ಲಾಸ್ಟಿಕ್ಕಿನ ಸಣ್ಣ ಪೊಟ್ಟಣಗಳೂ ಬಂದಿವೆ. ಹಿರಿಯರು ಬಳಸಿ ಎಸೆದ ಇಂಥ ಪೊಟ್ಟಣವು ಮಗುವಿನ ಕೈಗೆ ಸಿಕ್ಕುತ್ತದೆ. ಮಗು ಅದನ್ನು ಹಿಚುಕುತ್ತದೆ. ಪೊಟ್ಟಣ ಒಂದು ಕಡೆ ಬಿರಿದು ಸುಣ್ಣವು ಚಿಮ್ಮಿ ನೇರವಾಗಿ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ ನೇತ್ರವೈದ್ಯರು ಮತ್ತೆ ಮತ್ತೆ ಕಾಣುವ ಅಪಘಾತಗಳಲ್ಲಿ ಇದೂ ಒಂದು. ಗೋಡೆಗೆ ಸುಣ್ಣ ಬಳಿಯುವ ಕೂಲಿಕಾರರಿಗೂ, ಕ್ಷಾರ ಮತ್ತು ಆಮ್ಲಗಳ ನಡುವೆ ದುಡಿಯುವ ಕಾರ್ಖಾನೆಯ ಕೆಲಸಗಾರರಿಗೂ ಇದೇ ಬಗೆಯ ಗಂಡಾಂತರವುಂಟು. ಹೀಗೆ ಸುಟ್ಟುಹೋದ ಕಣ್ಣನ್ನು, ರೋಗಿಯದೇ ಆದ ಇನ್ನೊಂದು ಕಣ್ಣಿನಿಂದ ಎಳ್ಳುಕಾಳಿಗಿಂತಲೂ ಚಿಕ್ಕದಾದ ತುಣುಕೊಂದನ್ನು ತೆಗೆದು ಸರಿಪಡಿಸುವ ವಿದ್ಯೆಯು ಈಗ ಕೈಗೂಡಿದೆ. ಅದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಆಮ್ಲಕ್ಕಿಂತ ಕ್ಷಾರವು ಕಣ್ಣಿಗೆ ಹೆಚ್ಚು ಕ್ರೂರವಾದುದು. ಆಮ್ಲವು ತಗುಲಿದ ಕಡೆಯಲ್ಲಿ ಮಾಂಸದ ಸತ್ತ್ವವು ಹೆಪ್ಪುಗಟ್ಟಿ ಒಂದು ಬಗೆಯ ತಡೆಯಾಗುವುದರಿಂದ ಅದು ಸಾಮಾನ್ಯವಾಗಿ ಬಹಳ ಆಳಕ್ಕೆ ಇಳಿಯುವುದಿಲ್ಲ. ಕ್ಷಾರವಾದರೋ ಕೋಶಗಳ ಹೊದಿಕೆಯಲ್ಲಿರುವ ಕೊಬ್ಬನ್ನೇ ಸಾಬೂನಿನಂತೆ ಕರಗಿಸಿಕೊಂಡು ಒಳಕ್ಕೆ ನುಗ್ಗುತ್ತದೆ. ಅದರಲ್ಲಿಯೂ ಸುಣ್ಣದ ಕಣಗಳು ರೆಪ್ಪೆಯ ಅಡಿಯಲ್ಲಿ ಅಂಟಿಕೊಂಡು ಗಂಟೆಗಟ್ಟಲೆ ಸುಡುತ್ತಲೇ ಇರುತ್ತವೆ. ಆದುದರಿಂದ ಗೃಹಿಣಿಯರು ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸುಣ್ಣ ಬಿದ್ದ ಕ್ಷಣದಲ್ಲಿಯೇ, ವೈದ್ಯರಿಗಾಗಿ ಕಾಯದೆ, ರೆಪ್ಪೆಗಳನ್ನು ಅಗಲಿಸಿ ಹಿಡಿದು ಧಾರಾಳವಾಗಿ ಶುದ್ಧವಾದ ನೀರನ್ನು ಹೊಯ್ಯಬೇಕು; ಅರ್ಧ ಗಂಟೆಯವರೆಗೂ ಹೊಯ್ಯುತ್ತಲೇ ಇರಬೇಕು; ಅನಂತರ ಆಸ್ಪತ್ರೆಗೆ ಕರೆದೊಯ್ಯಬೇಕು. ನೀರು ಬಿದ್ದರೆ ಸುಣ್ಣ ಕುದಿಯುತ್ತದೆಂಬ ಭಯ ಕೆಲವರಿಗೆ ಇದೆ. ಎಲೆಗೆ ಹಚ್ಚುವ ಸುಣ್ಣವು ಆಗಲೇ ನೀರಿನಲ್ಲಿ ಅರಳಿದ ಸುಣ್ಣವಾದುದರಿಂದ ಆ ಭಯಕ್ಕೆ ಕಾರಣವಿಲ್ಲ. ಎಣ್ಣೆ, ತುಪ್ಪ, ಹಾಲು, ನಿಂಬೆಯ ರಸ ಇವು ಯಾವುವನ್ನೂ ಹಾಕಕೂಡದು. ಹುಳಿಯಿಂದ ಸುಣ್ಣ ಶಮನವಾಗುವುದೆಂಬ ತರ್ಕವು ಪಾಠಶಾಲೆಯ ಗಾಜಿನ ನಳಿಗೆಯಲ್ಲಿ ಸರಿಯೇ ಹೊರತು ಕಣ್ಣಿನಲ್ಲಿ ಸರಿಯಲ್ಲ.

ಕಣ್ಣಿನ ಕರಿಯ ಭಾಗದ ಮುಂದೆ ಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ನಿರ್ಮಲವಾದ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಇದರ ಅಡ್ಡಳತೆ ಸುಮಾರು 11 ಅಥವಾ 12 ಮಿಲಿಮೀಟರು; ದಪ್ಪವು ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು. ಇದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಇದು ಇಷ್ಟು ತಿಳಿಯಾಗಿರುತ್ತಿರಲಿಲ್ಲ. ಇದರ ಮೇಲ್ಮೈಯಲ್ಲಿ ಐದಾರು ಸಾಲು ಕೋಶಗಳ ತೆಳುವಾದ ಹೊದಿಕೆಯೊಂದುಂಟು. ಆ ಹೊದಿಕೆಯು ಸ್ಥಿರವಾದುದಲ್ಲ. ಪ್ರತಿಯೊಂದು ಸಲ ರೆಪ್ಪೆ ಬಡಿದಾಗಲೂ ಮೇಲಿನ ಕೋಶಗಳು ಸವೆದು ಕಣ್ಣೀರಿನಲ್ಲಿ ಸೇರಿಹೋಗುತ್ತವೆ. ಅವುಗಳ ಸ್ಥಾನಕ್ಕೆ ಹೊಸವು ಬರುತ್ತವೆ. ಒಂದು ವಾರ ಹತ್ತು ದಿನಗಳೊಳಗಾಗಿ ಇಡೀ ಹೊದಿಕೆಯು ಹೊಸದಾಗುತ್ತದೆಂದು ಹೇಳಬಹುದು. ಹೀಗಿರಲು, ಆ ಹೊಸ ಕೋಶಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಬಿಳಿಯ ಗುಡ್ಡೆಯೂ ಕರಿಯ ಗುಡ್ಡೆಯೂ ಕೂಡುವ ಕಡೆಯಲ್ಲಿ ಸುತ್ತಲೂ ಒಂದು ಕಿರಿದಾದ ಉಂಗುರವಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣಿನ ಆರು ಸಂಧಿಗಳನ್ನು ಎಣಿಸುವಾಗ ಈ ಶುಕ್ಲಕೃಷ್ಣಸಂಧಿಯನ್ನೂ ಹೇಳಿದೆ. ಇಂದಿನ ವೈದ್ಯರು ಇದನ್ನೇ ಲಿಂಬಸ್ ಎನ್ನುತ್ತಾರೆ. ಪ್ರಾಚೀನರು ಈ ಸ್ಥಾನವನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರೆಂಬುದು ಸಂತೋಷದ ಮಾತು. ಆದರೆ ಅಲ್ಲಿ ಅಡಗಿರುವ ಕೋಶಗಳನ್ನು ಅವರು ಕಂಡಿದ್ದರೆಂದು ಯಾರಾದರೂ ಹೇಳಿದರೆ, ಸಂಸ್ಕೃತವನ್ನು ಓದಿದ ನಾನೇ ಅದನ್ನು ಒಪ್ಪಲಾರೆ. ಸೂಕ್ಷ್ಮದರ್ಶಕವಿಲ್ಲದೆ ಅದು ಕಾಣತಕ್ಕ ವಸ್ತುವಲ್ಲ. ಆ ಹೊಸ ಕೋಶಗಳ ತವರು ಈ ಉಂಗುರವೇ ಇರಬೇಕೆಂದು ದಾವಾಂಗರ್, ಈವೆನ್ಸೆನ್ ಎಂಬ ಇಬ್ಬರು ವಿಜ್ಞಾನಿಗಳು 1971ರಲ್ಲಿ ಸೂಚಿಸಿದರು. 1989ರಲ್ಲಿ ಅಮೆರಿಕದ ವಿದ್ವಾಂಸರು ಅದಕ್ಕೆ ಬಲವಾದ ಪ್ರಮಾಣವನ್ನು ಒದಗಿಸಿದರು.

ಆ ಪ್ರಮಾಣದ ರೀತಿಯು ಬಹಳ ಚಮತ್ಕಾರವಾದುದು. ಕೋಶವೊಂದು ಎರಡಾಗುವಾಗ ತನ್ನೊಳಗೆ ಸೇರಿಸಿಕೊಳ್ಳುವ ದ್ರವ್ಯಕ್ಕೆ ವಿಕಿರಣದ ಗುರುತನ್ನು ಹಾಕಿ ಇಲಿಗಳಿಗೆ ಕೊಟ್ಟರು. ಕಣ್ಣಿನ ಕೋಶಗಳೆಲ್ಲವೂ ಗುರುತನ್ನು ಪಡೆದವು. ಅನಂತರ ದ್ರವ್ಯವನ್ನು ಕೊಡುವುದನ್ನು ನಿಲ್ಲಿಸಿ ಕೆಲವು ವಾರಗಳು ಕಾದರು. ಕೋಶವು ಒಂದು ಸಲ ಒಡೆದರೆ ಗುರುತು ಅರ್ಧವಾಗುತ್ತದೆ, ಎರಡು ಸಲ ಒಡೆದರೆ ಕಾಲು. ಹೀಗೆ ಪದೇಪದೇ ಒಡೆಯುವ ಕೋಶಗಳಲ್ಲಿ ಗುರುತು ಅಳಿಸಿಯೇ ಹೋಗುತ್ತದೆ. ಕೊನೆಗೆ ನೋಡಿದಾಗ ಕಾರ್ನಿಯಾದ ನಡುವಿನಲ್ಲಿ ಗುರುತೇ ಉಳಿದಿರಲಿಲ್ಲ. ಸಂಧಿಯ ಉಂಗುರದಲ್ಲಿ ಮಾತ್ರ ಕೆಲವು ಕೋಶಗಳು ಅದನ್ನು ಹಾಗೆಯೇ ಹಿಡಿದುಕೊಂಡಿದ್ದುವು. ಎಂದರೆ ಅವು ಅವಸರವಿಲ್ಲದೆ, ಬೇಕಾದಾಗ ಮಾತ್ರ ಒಡೆಯುವಂಥವು. ಬಿತ್ತನೆಯ ಬೀಜವನ್ನು ಅಟ್ಟದ ಮೇಲೆ ತೆಗೆದಿಟ್ಟು ಉಳಿದ ಧಾನ್ಯವನ್ನು ಉಣ್ಣುವ ಒಕ್ಕಲಿಗನ ಜಾಣತನವೇ ಇಲ್ಲಿಯೂ ಕಾಣುತ್ತದೆ.

ಇಂಥ ಕೋಶಗಳಿಗೆ ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎಂಬ ಹೆಸರಿದೆ. ಕನ್ನಡದಲ್ಲಿ ಕೆಲವರು ಕಾಂಡಕೋಶವೆಂದೂ ಕೆಲವರು ಆಕರಕೋಶವೆಂದೂ ಬರೆಯುತ್ತಾರೆ. ಜರ್ಮನಿಯ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞನು 1868ರಲ್ಲಿ ಈ ಶಬ್ದವನ್ನು ತನ್ನ ಭಾಷೆಯಲ್ಲಿ ಮೊದಲು ಬಳಸಿದಾಗ ಅವನ ಮನಸ್ಸಿನಲ್ಲಿ ಇದ್ದುದು ವಂಶವೃಕ್ಷದ ಬೊಡ್ಡೆ, ಗಿಡದ ಕಾಂಡವಲ್ಲ. ಆಕರವೆಂದರೆ ಗಣಿ, ಉತ್ಪತ್ತಿಸ್ಥಾನ. ತಾನೂ ಉಳಿದುಕೊಂಡು, ತನ್ನಿಂದ ಬೇರೆ ಬೇರೆ ಕೆಲಸದ ಕೋಶಗಳನ್ನೂ ಹುಟ್ಟಿಸುವ ಕೋಶಕ್ಕೆ ಈ ಶಬ್ದವೇ ಹೆಚ್ಚು ಒಪ್ಪುವುದೆಂದು ನನಗೆ ತೋರುವುದರಿಂದ ಇಲ್ಲಿ ಅದನ್ನೇ ಬಳಸಿದ್ದೇನೆ. ದೇಹದಲ್ಲಿ ಇಂಥ ಆಕರಗಳು ಹಲವಾರಿವೆ. ಎಲುಬಿನ ಮಜ್ಜೆಯಲ್ಲಿರುವ ರಕ್ತದ ಆಕರಕೋಶಗಳನ್ನು ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬುವರು 1961ರಲ್ಲಿ ಪ್ರಯೋಗದಿಂದ ತೋರಿಸಿದರು. ಮಜ್ಜೆಯ ಕಸಿಯಿಂದ ರಕ್ತದ ಅರ್ಬುದವೇ ಮೊದಲಾದ ರೋಗಗಳನ್ನು ಗುಣಪಡಿಸುವ ಕ್ರಮಕ್ಕಾಗಿ ಡಾನಲ್ ಥಾಮಸ್ ಎಂಬ ವೈದ್ಯರಿಗೆ 1990ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಕ್ರಮವನ್ನು ಅಮೆರಿಕದ ಹವರ್ಡ್ ಗ್ರೀನರೂ ಅವರ ಶಿಷ್ಯರೂ 1975ರಲ್ಲಿ ಪ್ರಕಟಿಸಿದರು. ಇವೆರಡರ ಕಥೆಯೂ ದೊಡ್ಡದು; ನಾವು ಕಣ್ಣಿಗೇ ಮರಳೋಣ.

ಸಂಧಿಯ ಉಂಗುರವು ಎರಡು ಕೆಲಸಗಳನ್ನು ಮಾಡುತ್ತದೆ. ಒಂದು, ಗದ್ದೆಗೆ ಪೈರನ್ನು ಒದಗಿಸುವ ಸಸಿಮಡಿಯಂತೆ ಕಾರ್ನಿಯಾಕ್ಕೆ ಹೊಸ ಕೋಶಗಳನ್ನು ಒದಗಿಸುವುದು. ಇನ್ನೊಂದು, ಗದ್ದೆಯ ಬದುವಿನಂತೆ, ಬಿಳಿಗುಡ್ಡೆಯನ್ನು ಹೊದ್ದಿರುವ ರಕ್ತನಾಳಗಳುಳ್ಳ ಪೊರೆಯು ಈಚೆಗೆ ಹಬ್ಬದಂತೆ ತಡೆಯುವುದು. ಸುಣ್ಣವು ಈ ಉಂಗುರವನ್ನು ಸುಟ್ಟುಬಿಟ್ಟರೆ ಬದುವೂ ಹೋಯಿತು, ಸಸಿಮಡಿಯೂ ಹೋಯಿತು. ಪಕ್ಕದ ಪೊರೆಯು ಕೆಂಪು ನಾಳಗಳೊಡನೆ ಕಾರ್ನಿಯಾದ ಮೇಲೆ ಹರಿದುಬರುತ್ತದೆ. ಕಣ್ಣು ಕೆಂಪಗಾಗಿ, ನೀರು ಸುರಿಯುತ್ತ, ಬೆಳಕನ್ನು ಸಹಿಸಲಾರದೆ, ಕೊನೆಗೆ ಮಾಂಸದ ತೆರೆಯನ್ನು ಎಳೆದಂತೆ ಕುರುಡಾಗುತ್ತದೆ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಮೊದಲನೆಯ ಸಾಲಿನಲ್ಲಿ ಕುಳಿತು ತಲೆಯನ್ನು ಒಂದು ಕಡೆಗೆ ಓರೆಮಾಡಿ ಹಲಗೆಯನ್ನು ನೋಡುತ್ತಿದ್ದ ಇಂಥ ಹುಡುಗಿಯೊಬ್ಬಳಿದ್ದಳು. ಆ ಊರಿನವರು ಅದನ್ನು ಹೂ ಬಿದ್ದ ಕಣ್ಣೆಂದು ಕರೆದು ಸುಮ್ಮನಾಗಿದ್ದರು.

ಇಲ್ಲಿ ವಾಚಕರಿಗೆ ಒಂದು ಸಂದೇಹವು ಬರಬಹುದು. ನೇತ್ರದಾನದ ಮಹಿಮೆಯನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. 2006ರಲ್ಲಿ ಡಾ. ರಾಜಕುಮಾರರೂ 2021ರಲ್ಲಿ ಅವರ ಕಿರಿಯ ಪುತ್ರ ಪುನೀತರೂ ತೀರಿಕೊಂಡಾಗ ಅವರ ನೇತ್ರಗಳನ್ನು ದಾನಮಾಡಲಾಯಿತು. ಪುನೀತರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಜೋಡಿಸಿದರು. ಹಾಗಿದ್ದರೆ ಸುಣ್ಣದಿಂದ ಕೆಟ್ಟ ಕಣ್ಣಿಗೂ ದಾನವಾಗಿ ಬಂದ ಕಾರ್ನಿಯಾವನ್ನೇ ಜೋಡಿಸಬಾರದೆ? ಜೋಡಿಸಬಹುದು, ಆದರೆ ಅದೊಂದೇ ನಿಲ್ಲುವುದಿಲ್ಲ. ಜೋಡಿಸಿದ ಕಾರ್ನಿಯಾದ ಮೇಲ್ಹೊದಿಕೆಯು ಸವೆದಂತೆಲ್ಲ ಅದನ್ನು ತುಂಬತಕ್ಕ ಹೊಸ ಕೋಶಗಳು ರೋಗಿಯ ಕಣ್ಣಿನ ಉಂಗುರದಿಂದಲೇ ಬರಬೇಕು. ಉಂಗುರವೇ ಇಲ್ಲದ ಕಣ್ಣಿನಲ್ಲಿ ಒಳ್ಳೆಯ ಕಾರ್ನಿಯಾವೂ ಕೆಲಕಾಲದಲ್ಲಿ ಮಸಕಾಗಿಬಿಡುತ್ತದೆ. ಮೊದಲು ಸಸಿಮಡಿ ಸಿದ್ಧವಾಗಬೇಕು. ಆಮೇಲೆ ಒಳಗಿನ ಕಲೆಯು ಉಳಿದಿದ್ದರೆ ದಾನದ ಕಾರ್ನಿಯಾ ಉಪಯೋಗಕ್ಕೆ ಬರುತ್ತದೆ.

ಈ ಉಪಾಯವನ್ನು ಮೊದಲು ಸಾಧಿಸಿ ತೋರಿಸಿದವರು ಅಮೆರಿಕದ ಕೆನ್ಯನ್ ಮತ್ತು ತ್ಸೆಂಗ್ ಎಂಬ ಶಸ್ತ್ರವೈದ್ಯರು. 1989ರಲ್ಲಿ ಅವರು ರೋಗಿಯ ಒಳ್ಳೆಯ ಕಣ್ಣಿನ ಉಂಗುರದಿಂದ ದೊಡ್ಡ ಭಾಗಗಳನ್ನು ಕತ್ತರಿಸಿ ಕೆಟ್ಟ ಕಣ್ಣಿಗೆ ಕಸಿಮಾಡಿದ ವೃತ್ತಾಂತವನ್ನು ಪ್ರಕಟಿಸಿದರು. ಕಸಿಯು ಫಲಿಸಿತು. ಆದರೆ ಉಳಿದ ಒಂದೇ ಒಳ್ಳೆಯ ಕಣ್ಣಿನಿಂದ ಅಷ್ಟು ಭಾಗವನ್ನು ಕೀಳುವುದಕ್ಕೆ ರೋಗಿಯೂ ಹೆದರುತ್ತಾನೆ, ವೈದ್ಯನೂ ಹೆದರಬೇಕಾದುದೇ. ಆ ಕಣ್ಣಿಗೂ ಕೇಡಾದರೆ ಗತಿಯೇನು? ಈ ತೊಡಕನ್ನು ಬಿಡಿಸಿದವರು ಇಟಲಿಯ ಗ್ರಾತ್ಸಿಯೆಲ್ಲಾ ಪೆಲ್ಲೆಗ್ರೀನಿ, ಮಿಕೇಲೆ ದೆ ಲುಕಾ ಮೊದಲಾದವರು. ಒಂದೆರಡು ಮಿಲಿಮೀಟರಿನಷ್ಟು ತುಣುಕನ್ನು ಮಾತ್ರ ತೆಗೆದು, ಗ್ರೀನರ ಕ್ರಮದಂತೆ ಪ್ರಯೋಗಶಾಲೆಯಲ್ಲಿ ಬೆಳೆಸಿ, ಕಾರ್ನಿಯಾದಷ್ಟು ಅಗಲವಾದ ಹಾಳೆಯನ್ನಾಗಿ ಮಾಡಿ, ಅದನ್ನು ಕೆಟ್ಟ ಕಣ್ಣಿನ ಮೇಲೆ ಹೊದಿಸಿದರು. ಕ್ಷಾರದಿಂದ ಒಂದು ಕಣ್ಣನ್ನು ಕಳೆದುಕೊಂಡಿದ್ದ ಇಬ್ಬರು ರೋಗಿಗಳಲ್ಲಿ ಇದು ಫಲಿಸಿತೆಂದು 1997ರಲ್ಲಿ ವರದಿಮಾಡಿದರು. 2010ರ ಹೊತ್ತಿಗೆ 112 ಮಂದಿಯ ಲೆಕ್ಕವು ಸಿದ್ಧವಾಯಿತು. ಅವರಲ್ಲಿ ನೂರಕ್ಕೆ 76ಕ್ಕಿಂತ ಹೆಚ್ಚು ಮಂದಿಯ ಕಾರ್ನಿಯಾ ಶಾಶ್ವತವಾಗಿ ತಿಳಿಯಾಗಿತ್ತು. ಈ ಲೆಕ್ಕದಲ್ಲಿಯೇ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಹಾಳೆಯಲ್ಲಿ ನಿಜವಾದ ಆಕರಕೋಶಗಳು ನೂರಕ್ಕೆ ಮೂರಕ್ಕಿಂತ ಹೆಚ್ಚಾಗಿದ್ದರೆ ಕಸಿಯು ಬಹುಮಟ್ಟಿಗೆ ನಿಲ್ಲುತ್ತದೆ. ಕಡಮೆಯಾಗಿದ್ದರೆ ಬಹುಮಟ್ಟಿಗೆ ಕೆಡುತ್ತದೆ. ಕೋಶಗಳ ರಾಶಿ ಎಷ್ಟು ದೊಡ್ಡದೆಂಬುದಕ್ಕಿಂತ ಅದರಲ್ಲಿ ಬಿತ್ತನೆಯ ಬೀಜವೆಷ್ಟಿದೆ ಎಂಬುದೇ ಮುಖ್ಯವೆಂದಾಯಿತು. 2015ರಲ್ಲಿ ಯೂರೋಪಿನ ಅಧಿಕಾರಿಗಳು ಈ ಹಾಳೆಗೆ ಹೊಲೊಕ್ಲಾರ್ ಎಂಬ ಹೆಸರಿನ ಔಷಧವಾಗಿ ಷರತ್ತಿನ ಅನುಮತಿಯನ್ನು ಕೊಟ್ಟರು. ಆಕರಕೋಶಗಳಿಂದ ತಯಾರಾಗಿ ಯೂರೋಪಿನಲ್ಲಿ ಅನುಮತಿಯನ್ನು ಪಡೆದ ಮೊದಲನೆಯ ಔಷಧವದು.

ನಮ್ಮ ನೆರೆಯ ಹೈದರಾಬಾದಿನಲ್ಲಿ ನಡೆದುದು ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ. ಚಿತ್ರನಿರ್ಮಾಪಕ ಎಲ್. ವಿ. ಪ್ರಸಾದರ ಹೆಸರಿನಲ್ಲಿ 1987ರಲ್ಲಿ ಪ್ರಾರಂಭವಾದ ನೇತ್ರಸಂಸ್ಥೆಯಲ್ಲಿ 2001ರಿಂದ ಮೊದಲುಗೊಂಡು ವೈದ್ಯರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಹಾಳೆಗಳನ್ನು ಜೋಡಿಸುತ್ತಿದ್ದರು. ಆದರೆ ಕೋಶಗಳನ್ನು ಬೆಳೆಸುವ ಶಾಲೆಯೆಂದರೆ ದೂಳಿಲ್ಲದ ಕೊಠಡಿ, ಬೆಲೆಯುಳ್ಳ ಯಂತ್ರಗಳು, ಪಳಗಿದ ಸಿಬ್ಬಂದಿ ಎಲ್ಲವೂ ಬೇಕು. ಅದು ಎಲ್ಲ ಊರುಗಳ ಆಸ್ಪತ್ರೆಗಳಿಗೂ ಎಟುಕತಕ್ಕದ್ದಲ್ಲ. ವೀರೇಂದ್ರ ಸಾಂಗ್ವಾನ್, ಸಯನ್ ಬಸು, ಡಿ. ಬಾಲಸುಬ್ರಹ್ಮಣ್ಯಮ್ ಮೊದಲಾದವರೂ ಇಂಗ್ಲೆಂಡಿನ ಶೀಲಾ ಮೆಕ್ನೀಲರೂ ಸೇರಿ ಹೀಗೆ ಯೋಚಿಸಿದರು: ಬೀಜವನ್ನು ತಟ್ಟೆಯಲ್ಲಿ ಮೊಳೆಯಿಸಿ ಆಮೇಲೆ ಕಣ್ಣಿಗೆ ತರುವುದೇಕೆ? ಕಣ್ಣನ್ನೇ ಸಸಿಮಡಿಯನ್ನಾಗಿ ಮಾಡಬಾರದೇಕೆ?

ಅವರು ಮಾಡುವ ಕ್ರಮವಿದು. ಮೊದಲು ಕೆಟ್ಟ ಕಣ್ಣಿನ ಮೇಲೆ ಹಬ್ಬಿದ ಕೆಂಪು ಪೊರೆಯನ್ನು ಹೆರೆದು ತೆಗೆಯುತ್ತಾರೆ, ಕಳೆ ಕಿತ್ತಂತೆ. ಹಾಗೆ ಹಸನಾದ ನೆಲದ ಮೇಲೆ, ಶಿಶುವು ಗರ್ಭದಲ್ಲಿದ್ದಾಗ ಅದನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯನ್ನು ಹಾಸುತ್ತಾರೆ. ಹೆರಿಗೆಯಾದ ಮೇಲೆ ಮಾಸಿನೊಡನೆ ಎಸೆದುಬಿಡುವ ಈ ಪೊರೆಯನ್ನು ಶುದ್ಧಿಮಾಡಿ ಇಡುತ್ತಾರೆ. ಕೋಶಗಳು ಅಂಟಿಕೊಂಡು ಬೆಳೆಯಲು ಇದು ಬಹಳ ಅನುಕೂಲವಾದುದು. ಆಮೇಲೆ ಒಳ್ಳೆಯ ಕಣ್ಣಿನ ಉಂಗುರದಿಂದ ಎರಡು ಮಿಲಿಮೀಟರು ಉದ್ದ, ಎರಡು ಮಿಲಿಮೀಟರು ಅಗಲದ ತುಣುಕೊಂದನ್ನು ತೆಗೆದು, ಅದನ್ನು ಎಂಟು ಹತ್ತು ಚೂರುಗಳನ್ನಾಗಿ ಮಾಡಿ, ಹಾಸಿದ ಪೊರೆಯ ಮೇಲೆ ಅಲ್ಲಲ್ಲಿ ಇಟ್ಟು, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯದಿಂದಲೇ ಮಾಡಿದ ಅಂಟಿನಿಂದ ಕೂಡಿಸುತ್ತಾರೆ. ಮೇಲೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು ಹೊದಿಸುತ್ತಾರೆ. ಒಂದೊಂದು ಚೂರಿನ ಸುತ್ತಲೂ ಹೊಸ ಕೋಶಗಳು ಹರಡಿಕೊಂಡು, ಒಂದೆರಡು ವಾರಗಳಲ್ಲಿ ಒಂದನ್ನೊಂದು ಕೂಡಿಕೊಂಡು ಹೊದಿಕೆಯಾಗುತ್ತವೆ. ಬತ್ತದ ನಾಟಿಯನ್ನು ಕಂಡವರಿಗೆ ಇದನ್ನು ಇನ್ನಷ್ಟು ವಿವರಿಸಬೇಕಾಗಿಲ್ಲ.

ಆರು ಮಂದಿ ರೋಗಿಗಳ ವೃತ್ತಾಂತವನ್ನು ಇವರು 2012ರಲ್ಲಿ ಪ್ರಕಟಿಸಿದರು. 2016ರಲ್ಲಿ 125 ಮಂದಿಯ ಲೆಕ್ಕವು ಬಂದಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಕ್ಕಳು. 95 ಮಂದಿಯಲ್ಲಿ ಕಸಿಯು ನಿಂತಿತ್ತು, ಎಂದರೆ ನೂರಕ್ಕೆ 76. ಇಟಲಿಯ ಬೆಲೆಯುಳ್ಳ ಹಾಳೆಯ ಫಲವೂ ಈ ಸುಲಭವಾದ ನಾಟಿಯ ಫಲವೂ ಹೆಚ್ಚು ಕಡಮೆ ಒಂದೇ ಎಂಬುದು ಗಮನಿಸತಕ್ಕ ವಿಷಯ. ಎಲ್ಲರಿಗೂ ಗುಣವಾಗುವುದಿಲ್ಲವೆಂಬುದನ್ನೂ ಮರೆಯಲಾಗದು. ನಾಲ್ವರಲ್ಲಿ ಒಬ್ಬರಿಗೆ ಫಲಿಸಲಿಲ್ಲ. ಸುಟ್ಟಗಾಯದ ಉರಿಯು ಪೂರ್ತಿಯಾಗಿ ಆರುವ ಮೊದಲೇ ಅವಸರಪಟ್ಟು ಮಾಡಿದರೆ ಕಸಿಯು ಕೆಡುವ ಸಂಭವವು ಹೆಚ್ಚು. ಆದುದರಿಂದ ವೈದ್ಯರು ತಿಂಗಳುಗಟ್ಟಲೆ ಕಾಯಲು ಹೇಳಿದರೆ ಮನೆಯವರು ಬೇಸರಪಡಕೂಡದು.

ಎರಡು ಕಣ್ಣುಗಳೂ ಸುಟ್ಟಿದ್ದರೆ ಬೀಜವೆಲ್ಲಿಂದ ಬರಬೇಕು? ಬಂಧುಗಳ ಇಲ್ಲವೆ ಮೃತರ ಕಣ್ಣಿನ ಉಂಗುರವನ್ನು ಕಸಿಮಾಡಬಹುದು. ಆದರೆ ಪರರ ಕೋಶಗಳನ್ನು ದೇಹವು ತಿರಸ್ಕರಿಸದಂತೆ ಬಲವಾದ ಔಷಧಗಳನ್ನು ಸೇವಿಸಬೇಕಾಗುತ್ತದೆ. ಜಪಾನಿನ ಒಸಾಕಾದಲ್ಲಿ ಕೊಹ್ಜಿ ನಿಷಿದಾ ಎಂಬ ವೈದ್ಯರು ರೋಗಿಯ ಬಾಯಿಯ ಒಳಪೊರೆಯ ಕೋಶಗಳನ್ನು ಬೆಳೆಸಿ ಕಣ್ಣಿಗೆ ಹೊದಿಸಿದ ಕ್ರಮವನ್ನು 2004ರಲ್ಲಿ ಪ್ರಕಟಿಸಿದರು. ಅದೇ ದೇಶದ ಯಮನಾಕಾ ಅವರು ಬೆಳೆದ ದೇಹದ ಸಾಮಾನ್ಯ ಕೋಶವನ್ನೇ ನಾಲ್ಕು ಜೀನುಗಳ ಬಲದಿಂದ ಭ್ರೂಣದ ಕೋಶದಂಥ ಸ್ಥಿತಿಗೆ ಹಿಂದಿರುಗಿಸಬಹುದೆಂದು 2006ರಲ್ಲಿ ಇಲಿಯ ಕೋಶಗಳಲ್ಲಿಯೂ 2007ರಲ್ಲಿ ಮನುಷ್ಯನ ಕೋಶಗಳಲ್ಲಿಯೂ ತೋರಿಸಿ, 2012ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅಂಥ ಕೋಶಗಳಿಂದ ಕಾರ್ನಿಯಾದ ಹೊದಿಕೆಯನ್ನು ತಯಾರಿಸಿ ನಿಷಿದಾ ಅವರ ಮಂಡಲಿಯು 2019ರಿಂದ ಮುಂದಕ್ಕೆ ನಾಲ್ವರಿಗೆ ಜೋಡಿಸಿತು. 2024ರ ಕೊನೆಯಲ್ಲಿ ಬಂದ ವರದಿಯಂತೆ ಎರಡು ವರ್ಷಗಳ ಕಾಲ ನೋಡಿದರೂ ಯಾರಿಗೂ ಗಂತಿ ಮೊದಲಾದ ಭಾರಿಯ ಅಪಾಯವು ಕಾಣಲಿಲ್ಲ. ಮೂವರ ದೃಷ್ಟಿಯು ಒಂದು ವರ್ಷಕ್ಕೂ ಮೀರಿ ಚೆನ್ನಾಗಿ ಉಳಿಯಿತು. ನಾಲ್ಕನೆಯವರಿಗೆ ಸಿಕ್ಕಿದ ಗುಣವು ಉಳಿಯಲಿಲ್ಲ. ನಾಲ್ಕೇ ಮಂದಿಯ ಲೆಕ್ಕವಾದುದರಿಂದ ಇದಿನ್ನೂ ಪರೀಕ್ಷೆಯ ಹಂತವೇ.

ಇಷ್ಟನ್ನೂ ವಿಸ್ತಾರವಾಗಿ ಬರೆಯಲು ಒಂದು ಕಾರಣವಿದೆ. ಆಕರಕೋಶದ ಹೆಸರು ಹೇಳಿಕೊಂಡು ಪಾರ್ಶ್ವವಾಯು, ಮಧುಮೇಹ, ಮಂಡಿಯ ನೋವು, ಮಕ್ಕಳ ಆಟಿಸಂ, ಮುಪ್ಪು ಇವೆಲ್ಲವನ್ನೂ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವ ಚಿಕಿತ್ಸಾಲಯಗಳು ಇಂದು ನಾನಾ ದೇಶಗಳಲ್ಲಿ ತಲೆಯೆತ್ತಿವೆ. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಬೇಕಾದ ಕಡೆಗೆ ಚುಚ್ಚಿದರೆ ಅವು ತಾವಾಗಿಯೇ ಕೆಟ್ಟ ಭಾಗವನ್ನು ಹುಡುಕಿಕೊಂಡು ಸರಿಪಡಿಸುತ್ತವೆಂದು ಇವರು ಹೇಳುತ್ತಾರೆ. ರಾಗಿಯನ್ನು ಚೆಲ್ಲಿ ತೆಂಗನ್ನು ನಿರೀಕ್ಷಿಸುವ ಮಾತಿದು. ಕಣ್ಣಂಚಿನ ಕಸಿಯಲ್ಲಿ ಯಾವ ಕೋಶ, ಅದು ಸಹಜವಾಗಿ ಇರುವುದೆಲ್ಲಿ, ಅದು ಮಾಡುವ ಕೆಲಸವೇನು, ಎಷ್ಟು ಮಂದಿಗೆ ಗುಣವಾಯಿತು, ಎಷ್ಟು ಮಂದಿಗೆ ಆಗಲಿಲ್ಲ ಎಂಬ ಪ್ರತಿಯೊಂದು ಪ್ರಶ್ನೆಗೂ ಪ್ರಕಟವಾದ ಉತ್ತರವುಂಟು. ಆ ಜಾಹೀರಾತುಗಳಲ್ಲಿ ಇಂಥ ಉತ್ತರವು ಕಾಣುವುದಿಲ್ಲ.

ಇದರಿಂದ ಹಣ ಮಾತ್ರ ಹೋಗುವುದಾದರೆ ಹೇಗೋ ಸಹಿಸಬಹುದಾಗಿತ್ತು. ಅಮೆರಿಕದ ಫ್ಲಾರಿಡಾ ಪ್ರಾಂತದ ಇಂಥ ಒಂದು ಚಿಕಿತ್ಸಾಲಯದಲ್ಲಿ 2015ರಲ್ಲಿ ಮೂವರು ವೃದ್ಧ ಸ್ತ್ರೀಯರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿನೊಳಕ್ಕೆ ಚುಚ್ಚಿದರು. ಅದೂ ಎರಡು ಕಣ್ಣುಗಳಿಗೂ ಒಂದೇ ದಿನದಲ್ಲಿ. ವಯಸ್ಸಿನಿಂದ ಮಂಜಾಗುತ್ತಿದ್ದ ಕಣ್ಣುಗಳಾದರೂ ಅವರಿಗೆ ಅಷ್ಟೋ ಇಷ್ಟೋ ಕಾಣುತ್ತಿತ್ತು. ಕೆಲವು ದಿನಗಳಲ್ಲಿಯೇ ಒಳಗೆ ರಕ್ತ ಸುರಿದು, ಅಕ್ಷಿಪಟಲವು ಕಳಚಿ, ದೃಷ್ಟಿಯು ಬಹುಮಟ್ಟಿಗೆ ಹೋಯಿತು. ಅವರಲ್ಲಿ ಒಬ್ಬರಿಗೆ ಬೆಳಕಿನ ಅರಿವೂ ಉಳಿಯಲಿಲ್ಲ. ಇದಕ್ಕಾಗಿ ಅವರಿಂದ ಸಾವಿರಾರು ಡಾಲರುಗಳನ್ನು ವಸೂಲುಮಾಡಿದ್ದರು. ಅವರನ್ನು ಆಮೇಲೆ ನೋಡಿದ ವೈದ್ಯರು ಈ ವೃತ್ತಾಂತವನ್ನು 2017ರಲ್ಲಿ ಪ್ರಕಟಿಸಿದರು. ತಿಳಿದ ವೈದ್ಯರು ಹೊಸ ಚಿಕಿತ್ಸೆಯನ್ನು ಎರಡು ಕಣ್ಣುಗಳಿಗೂ ಒಂದೇ ದಿನ ಎಂದಿಗೂ ಪ್ರಯೋಗಿಸಲಾರರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅದೇ 2017ರಲ್ಲಿ ಹೊರಡಿಸಿದ ಆಕರಕೋಶಗಳ ಮಾರ್ಗಸೂಚಿಯಲ್ಲಿ ರಕ್ತದ ರೋಗಗಳಿಗಾಗಿ ಮಾಡುವ ಕಸಿಯನ್ನು ರೂಢಿಯ ಚಿಕಿತ್ಸೆಯೆಂದು ಅಂಗೀಕರಿಸಿದೆ. ಕೋಶಗಳನ್ನು ತೆಗೆದು ಮಾರ್ಪಡಿಸಿ ಇತರ ರೋಗಗಳಿಗೆ ಕೊಡುವುದಾದರೆ ಅದು ಅನುಮತಿಯನ್ನು ಪಡೆದು ನೋಂದಣಿಯಾದ ಪರೀಕ್ಷೆಯ ರೂಪದಲ್ಲಿಯೇ ನಡೆಯಬೇಕು. ಇಂಥ ಪರೀಕ್ಷೆಗಳನ್ನು ದಾಖಲುಮಾಡುವ ಸಾರ್ವಜನಿಕ ಪಟ್ಟಿಯೊಂದನ್ನು ಮಂಡಳಿಯೇ ಇಟ್ಟಿದೆ. ಯಾರು ಬೇಕಾದರೂ ಅದನ್ನು ನೋಡಬಹುದು. ಮಗುವನ್ನೋ ಮುದುಕರನ್ನೋ ಎತ್ತಿಕೊಂಡು, ಹೊಲವನ್ನು ಅಡವಿಟ್ಟು ಹೊರಡುವ ಮೊದಲು, ಆ ಪಟ್ಟಿಯಲ್ಲಿ ಈ ಪರೀಕ್ಷೆಯ ಸಂಖ್ಯೆಯೇನೆಂದು ಮನೆಯವರು ಚಿಕಿತ್ಸಾಲಯದವರನ್ನು ಕೇಳಬಹುದು. ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಆ ಕೋಶಗಳಿಗಾಗಿ ಹಣವನ್ನು ತೆಗೆದುಕೊಳ್ಳಕೂಡದೆಂಬುದೂ ಆ ನಿಯಮಗಳಲ್ಲಿ ಸೇರಿದೆ.